ಅಂಟಿಕೊಂಡ ಎರಡು ಕಾರ್ಡು

ಹೊಸ ವರ್ಷ ಎಂದರೆ ನನಗೆ ಇವತ್ತಿಗೂ ಮೈದಾ ಅಂಟಿನ ವಾಸನೆ. ಕೇಕಿನದಲ್ಲ, ಕ್ಯಾಂಡಲಿನದೂ ಅಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರಿಗೆ ಸೇರಿ ನಮ್ಮದು ಒಂದೇ ಪುಟ್ಟ ಕ್ರೈಸ್ತ ಸಭೆ. ಊರಿಗೆ ನಾಲ್ಕೈದು ಮನೆಗಳಿದ್ದರೆ ಹೆಚ್ಚು. ತೊಂಬತ್ತರ ದಶಕದಲ್ಲಿ ನಮಗೆ ಚರ್ಚು ಎಂಬ ಕಟ್ಟಡವೇ ಇರಲಿಲ್ಲ. ಹೊಸಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಪಾದ್ರಿ ಅಯ್ಯನವರು ಯಾರದಾದರೂ ಪಡಸಾಲೆಯಲ್ಲಿ ಆರಾಧನೆ ನಡೆಸಿ ಹೋಗುತ್ತಿದ್ದರು. ಜನವರಿ ಒಂದರಂದು ಮಾತ್ರ ಐದೂ ಊರಿನವರು ಒಂದೆಡೆ ಸೇರುವುದು. ವರ್ಷಕ್ಕೊಂದು ಊರಿನ ಪಾಳಿ. ಆ ದಿನ ವಾಗ್ದಾನದ ತಟ್ಟೆ ಹೊರಗೆ ಬರುತ್ತಿತ್ತು.

ಅದು ಹೀಗೆ. ಹಾಡು, ಅಯ್ಯನವರ ಉಪದೇಶ, ಪ್ರಾರ್ಥನೆ ಮುಗಿದ ಮೇಲೆ ಅಯ್ಯನವರ ಹೆಂಡತಿ, ನಾವೆಲ್ಲ ಅಮ್ಮನವರು ಎನ್ನುತ್ತಿದ್ದೆವು, ಒಂದು ಹಿತ್ತಾಳೆ ತಟ್ಟೆ ತರುತ್ತಿದ್ದರು. ತಟ್ಟೆಯ ತುಂಬ ಬೋರಲು ಹಾಕಿದ ಕಾರ್ಡುಗಳು. ಒಂದೊಂದರಲ್ಲಿ ದೇವರ ಒಂದೊಂದು ವಾಕ್ಯ. ಹಿರಿಯರಿಂದ ಶುರು ಮಾಡಿ ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು, ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಉಳಿದವರು ಆಮೆನ್ ಅನ್ನಬೇಕು. ಆ ವರ್ಷಕ್ಕೆಂದು ದೇವರು ನಿಮಗೇ, ಪರ್ಸನಲ್ ಆಗಿ, ಕೊಟ್ಟ ಮಾತು ಅದು.

ದೊಡ್ಡ ಊರುಗಳ ಚರ್ಚುಗಳಲ್ಲಿ ಇದಕ್ಕೆಂದೇ ಗುಲಾಬಿ ಹೂವಿನ ಚಿತ್ರವಿರುವ ಪ್ರಿಂಟೆಡ್ ಕಾರ್ಡು ಬರುತ್ತವೆ. ಅವುಗಳಲ್ಲಿ ಎಲ್ಲವೂ ಸಿಹಿ ಮಾತೇ. ನಮ್ಮ ಅಮ್ಮನವರದು ಬೇರೆ ದಾರಿ. ಕ್ಯಾಲೆಂಡರಿನಲ್ಲಿ ದಿನಕ್ಕೊಂದರಂತೆ ಅಚ್ಚಾಗಿರುವ ವಾಕ್ಯಗಳನ್ನು ವರ್ಷ ಮುಗಿದ ಮೇಲೆ ಕತ್ತರಿಸಿ, ಹಳೆಯ ಮದುವೆ ಪತ್ರಿಕೆಗಳ ಹಿಂಬದಿಗೆ ಮೈದಾ ಅಂಟಿನಿಂದ ಅಂಟಿಸುತ್ತಿದ್ದರು. ಕ್ಯಾಲೆಂಡರಿನಲ್ಲಿ ವಾಗ್ದಾನವೂ ಇರುತ್ತಿತ್ತು, ಬುದ್ಧಿಮಾತೂ ಇರುತ್ತಿತ್ತು, ಬೈಗುಳವೂ ಇರುತ್ತಿತ್ತು. ಅಮ್ಮನವರು ಯಾವುದನ್ನೂ ತೆಗೆದು ಹಾಕುತ್ತಿರಲಿಲ್ಲ. "ಬರೀ ಸೀ ತಿನ್ಸಿದ್ರ ಸಭೆಗೆ ಹುಳ ಬೀಳ್ತಾವ್ರಿ," ಎನ್ನುತ್ತಿದ್ದರು. ಕಾರ್ಡು ತಿರುವಿ ನೋಡಿದರೆ ಅರ್ಧ ಕತ್ತರಿಸಿದ ಬಂಗಾರದ ಬಣ್ಣದ ಗಣಪತಿ, ಯಾರದೋ ಸುಖಾಗಮನವನ್ನು ಬಯಸುವ ಯಾರೋ.

ಈಗ ನನ್ನ ತಂಗಿಯ ವಿಷಯ.

ನನಗಿಂತ ಏಳು ವರ್ಷ ಚಿಕ್ಕವಳು. ಹಡಗಲಿಯಲ್ಲಿ ಲೈನ್‌ಮನ್ ಒಬ್ಬರ ಹೆಂಡತಿ. ನಾನು ಹಗರಿಬೊಮ್ಮನಹಳ್ಳಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರ್, ನನ್ನ ಯಜಮಾನರು ನೀರಾವರಿ ಇಲಾಖೆಯಲ್ಲಿ ಗುಮಾಸ್ತರು. ನಮಗೆ ಮಕ್ಕಳಿಲ್ಲ. ಅಕ್ಕತಂಗಿಯರಿಬ್ಬರೂ ಓದಿದ್ದು ಬಳ್ಳಾರಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಅವಳು ಒಂದನೇ ಕ್ಲಾಸಿಗೆ ಬಂದಾಗ ನಾನು ಅಲ್ಲಿ ಸೀನಿಯರ್. ವಾಕ್ಯಗಳನ್ನು ಬಾಯಿಪಾಠ ಮಾಡುವುದರಲ್ಲಿ ನಾನು ಯಾವಾಗಲೂ ಫಸ್ಟ್. ದೇವರು ಎಲ್ಲೆಲ್ಲಿ ಯಾರ್‍ಯಾರಿಗೆ "ನಾನು ನಿನ್ನ ಜೊತೆಗಿರುತ್ತೇನೆ" ಎಂದು ಮಾತು ಕೊಟ್ಟಿದ್ದಾನೋ ಅವಷ್ಟನ್ನೂ ಎರಡೂ ಭಾಷೆಯಲ್ಲಿ ತಪ್ಪಿಲ್ಲದೆ ಒಪ್ಪಿಸಬಲ್ಲವಳಾಗಿದ್ದೆ. ಮದರ್ ನನ್ನ ಬೆನ್ನು ತಟ್ಟಿ "ವೆರಿ ಗುಡ್ ಗರ್ಲ್" ಎನ್ನುತ್ತಿದ್ದರು. ತಂಗಿಗೆ ಒಂದೂ ಬರುತ್ತಿರಲಿಲ್ಲ. ದೇವರು ನಿಮ್ಮ ಮಂಚದ ಪಕ್ಕದಲ್ಲೇ ಇರುತ್ತಾನೆ ಎಂದು ಮದರ್ ಹೇಳಿದರೆ, "ಯಾವ ಪಕ್ಕ ಮದರ್? ನನ್ನ ಒಂದು ಕಡೆ ಗೋಡೆ ಐತಿ," ಎಂದು ಕೇಳಿದವಳು ಅವಳು. ಮದರ್ ನಕ್ಕುಬಿಟ್ಟರು. ನನ್ನ ಬೆನ್ನು ತಟ್ಟುತ್ತಿದ್ದ ಆ ಮದರ್ ನನ್ನ ಮಾತಿಗೆ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ.

ಕೊಟ್ಟೂರಿನ ಪಾಳಿ ಬಂದ ವರ್ಷ ನಾನು ಎತ್ತಿದ ಕಾರ್ಡು ಸೋಮಾರಿಗೆ ಹೇಳಿದ್ದು: ಇರುವೆಯ ಹತ್ತಿರ ಹೋಗಿ ಬುದ್ಧಿ ಕಲಿ. ಬೆಳಗಿನ ಜಾವಕ್ಕೇ ಎದ್ದು ರೊಟ್ಟಿ ಬಡಿದು, ಒಗೆದು, ಒಣ ಹಾಕಿ, ಬೆಲ್ಲಿಗೆ ಮುಂಚೆ ಶಾಲೆಯಲ್ಲಿರುವ ನನಗೆ! ನನ್ನ ನಂತರ ತಂಗಿ ಎತ್ತಿದಳು. ಹೆದರಬೇಡ, ನಾನೇ ನಿನ್ನ ಜೊತೆಗಿದ್ದೇನೆ ಎಂದಿತ್ತು. ಅವಳು ಅದನ್ನು ಬಸ್ಸಿನ ಟಿಕೆಟ್ಟಿನಂತೆ ಮಡಚಿ ರವಿಕೆಯೊಳಗೆ ತುರುಕಿಕೊಂಡಳು.

ಮರುವರ್ಷ ಕೂಡ್ಲಿಗಿಯಲ್ಲಿ ನನಗೆ ಬಂದದ್ದು, ಜಗಳಗಂಟಿ ಹೆಂಡತಿಯ ಜೊತೆ ದೊಡ್ಡ ಮನೆಯಲ್ಲಿರುವುದಕ್ಕಿಂತ ಮಾಳಿಗೆಯ ಮೂಲೆಯೇ ವಾಸಿ ಎಂಬ ಮಾತು. ಎದ್ದು ನಿಂತು ಗಟ್ಟಿಯಾಗಿ ಓದಿದೆ. ಗಂಡಸರ ಕಡೆಯಿಂದ ಬಂದ ಆಮೆನ್ ಅಷ್ಟು ಜೋರಾಗಿ ಹಿಂದೆಂದೂ ಬಂದಿರಲಿಲ್ಲ. ಮನೆಗೆ ಬಂದವರೇ ನನ್ನ ಯಜಮಾನರು ಹಾಸಿಗೆ ಸುತ್ತಿದ್ದ ಹೋಲ್ಡಾಲ್ ಹೊತ್ತುಕೊಂಡು ಮಾಳಿಗೆ ಹತ್ತಿದರು.

"ಏನ್ರೀ ಇದು? ಇಳೀರಿ ಕೆಳಗ. ಮಂದಿ ನೋಡಿದ್ರ ಏನಂದಾರು?"

"ದೇವ್ರು ಹೇಳ್ಯಾನ ಮೇಡಂ, ನಾ ಏನ್ ಮಾಡ್ಲಿ? ಚಾ ಒಂದು ಮ್ಯಾಲ ಕಳ್ಸು."

ನನಗೂ ನಗು ಬಂತು. ಆದರೆ ಆ ವರ್ಷ ತಂಗಿಗೆ ಬಂದದ್ದನ್ನು ನೆನೆದು ನಗು ನಿಂತಿತು. ನಲವತ್ತರ ಹತ್ತಿರ ಹುಟ್ಟಿದ ಮಗುವನ್ನು ಅವಳು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಹಾಲು ಕುಡಿಯುವ ಕೂಸನ್ನು ಹೆತ್ತವಳೇ ಮರೆತರೂ ನಾನು ನಿನ್ನನ್ನು ಮರೆಯುವುದಿಲ್ಲ ಎನ್ನುವ ಆ ದೊಡ್ಡ ಮಾತು ಅವಳಿಗೇ ಬಂತು. ಕೂಸಿಗೆ ಹಾಲು ಕುಡಿಸುತ್ತಲೇ ಓದಿದಳು, ಅದೂ ತಡವರಿಸುತ್ತ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ವಾಕ್ಯವನ್ನು ನಾನು ಎಂಟನೇ ಕ್ಲಾಸಿನಿಂದ ಬಲ್ಲೆ. ಅದು ಯಾರಿಗೆ ಹೇಳಿದ್ದು ಎಂಬುದನ್ನೂ ಬಲ್ಲೆ. ದೇವರು ನನ್ನನ್ನು ಮರೆತುಬಿಟ್ಟ ಎಂದು ಅಳುತ್ತಿದ್ದವಳಿಗೆ ಹೇಳಿದ್ದು, ಹೊಟ್ಟೆ ತುಂಬಿ ಮಡಿಲು ತುಂಬಿದವಳಿಗಲ್ಲ. ವಿಳಾಸ ತಪ್ಪಿ ಬಂದ ಟಪಾಲನ್ನು ಒಡೆದು ಓದಿದ ಹಾಗೆ ಓದಿದಳು ನನ್ನ ತಂಗಿ.

ಹೊಟ್ಟೆಕಿಚ್ಚು ಎನ್ನುತ್ತೀರೇನೋ. ಹೌದು, ಜೆಲಸಿ, ಶುದ್ಧ ಜೆಲಸಿ. ನಾನೇನು ಅವಳ ಸೀರೆಗೆ, ಒಡವೆಗೆ, ಕೂಸಿಗೆ ಕಿಚ್ಚು ಪಟ್ಟವಳಲ್ಲ. ಕೂಸಿಗೆ ಕುಲಾವಿ ಹೆಣೆದುಕೊಟ್ಟವಳು ನಾನೇ. ಆದರೆ ದೇವರು ಜೊತೆಗಿರುತ್ತೇನೆ ಎನ್ನುವುದು ರೇಷನ್ ಸಕ್ಕರೆಯಂತೆ ಒಂದೇ ಮನೆಯ ಚೀಲಕ್ಕೆ ಬೀಳತೊಡಗಿದರೆ ಸಾಲಿನಲ್ಲಿ ನಿಂತವಳು ಏನು ಮಾಡಬೇಕು? ತಾನು ಹೊಟ್ಟೆಕಿಚ್ಚಿನ ದೇವರು ಎಂದು ಬೈಬಲಿನಲ್ಲಿ ಅವನೇ ಹೇಳಿಕೊಂಡಿದ್ದಾನೆ. ಅವನಿಗಾದರೂ ನನ್ನ ಸಂಕಟ ಅರ್ಥವಾಗಬೇಕಿತ್ತು.

ಹಡಗಲಿಯ ಪಾಳಿಯಲ್ಲೂ ಅದೇ ಕಥೆ. ಹೊಳೆ ದಾಟುವಾಗ ನಾನು ನಿನ್ನ ಸಂಗಡ ಇರುತ್ತೇನೆ ಎಂದು ಅವಳಿಗೆ, ನಾಲಿಗೆಗೆ ಕಡಿವಾಣ ಹಾಕು ಎಂದು ನನಗೆ. "ನಿನ್ನ ದೇವ್ರು ನಿನ್ನ ಚಲೋ ಬಲ್ಲ ಬಿಡು," ಎಂದರು ಯಜಮಾನರು. ಅವರಿಗೆ ಇದೆಲ್ಲ ಮೋಜು. ನನ್ನ ಮುಖ ನೋಡಿ ಮತ್ತೆ ಒಂದು ಮಾತು ಸೇರಿಸಿದರು: "ಜೊತಿಗಿರಾಕ ನಾ ಅದೀನಲ್ಲ. ಅಷ್ಟು ಸಾಲಂಗಿಲ್ಲೇನು?"

ಅದರ ಮುಂದಿನ ವರ್ಷ ನಮ್ಮ ಊರಿನ ಪಾಳಿ, ಅದೂ ನಮ್ಮ ಮನೆಯ ಪಡಸಾಲೆಯಲ್ಲೇ. ಅಮ್ಮನವರು ಆ ಸಲ ತಡಮಾಡಿ ಕಾರ್ಡು ಅಂಟಿಸಿದ್ದರು. ಚಳಿಗೆ ಅಂಟು ಸರಿಯಾಗಿ ಒಣಗಿರಲಿಲ್ಲ. ನಾನು ಕಣ್ಣು ಮುಚ್ಚಿ ಎತ್ತಿದಾಗ ಕೈಗೆ ದಪ್ಪವಾಗಿ ಹತ್ತಿತು. ಕಣ್ಣು ತೆರೆದರೆ ಎರಡು ಕಾರ್ಡು, ಒಂದಕ್ಕೊಂದು ಅಂಟಿಕೊಂಡಿವೆ.

"ಒಬ್ಬರಿಗೆ ಒಂದ ರೀ ಅಮ್ಮ," ಎಂದರು ಅಯ್ಯನವರು ನಗುತ್ತ. "ಟೀಚರಮ್ಮಾರು ಅಂತ ಎರಡು ಕೊಡಾಕ ಬರಂಗಿಲ್ಲ."

ಎಲ್ಲರೂ ನಕ್ಕರು. ನಾನು ಎರಡನ್ನೂ ಬಿಡಿಸಿ ಮೇಲಿನದನ್ನು ಇಟ್ಟುಕೊಂಡು, ಕೆಳಗಿನದನ್ನು ಪಕ್ಕದಲ್ಲಿದ್ದ ತಂಗಿಯ ಕೈಗೆ ಕೊಟ್ಟೆ. ನನ್ನದು: ಜೇನು ಬಹಳ ತಿನ್ನುವುದು ಒಳ್ಳೆಯದಲ್ಲ. ಯಜಮಾನರಿಗೆ ಸಕ್ಕರೆ ಕಾಯಿಲೆ. "ಇದು ನಂದು, ನಿಂದಲ್ಲ," ಎಂದು ಅವರು ಅದನ್ನು ಕಸಿದುಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಿದರು. ಕೆಳಗಿನ ಕಾರ್ಡನ್ನು ತಂಗಿ ಓದಿದಳು. ಕತ್ತಲೆಯ ಕಣಿವೆಯಲ್ಲಿ ನಡೆಯುವಾಗಲೂ ನಾನು ನಿನ್ನ ಪಕ್ಕದಲ್ಲಿರುತ್ತೇನೆ ಎಂಬ ಅರ್ಥದ ಮಾತು.

ಆ ವರ್ಷ ಶೇಂಗಾ ಸುಗ್ಗಿಯ ಹೊತ್ತಿಗೆ ಯಜಮಾನರು ಹೋದರು. ಬೆಳಿಗ್ಗೆ ಆಫೀಸಿಗೆ ಹೊರಟವರು ಚಪ್ಪಲಿ ಮೆಟ್ಟುವಾಗ ಯಾಕೋ ಎದೆ ಹಿಡಿದ ಹಾಗಾಗುತ್ತದೆ ಎಂದು ಕಟ್ಟೆಯ ಮೇಲೆ ಕೂತರು. ನಾನು ನೀರು ತರುವಷ್ಟರಲ್ಲಿ ಮುಗಿದಿತ್ತು.

ಬಂದವರೆಲ್ಲ ಹೇಳಿದ್ದು ಒಂದೇ ಮಾತು, ದೇವರು ನಿಮ್ಮ ಜೊತೆಗಿದ್ದಾನೆ. ಒಂದು ವಾರ ಮನೆ ತುಂಬ ಜನ. ಆಮೇಲೆ ಬರುವುದು ಕಡಿಮೆಯಾಯಿತು, ಅವರವರ ಸಂಸಾರ ಅವರಿಗೆ. ಶಾಲೆಯಿಂದ ಬಂದು ಬೀಗ ತೆಗೆದರೆ ಅಡುಗೆಮನೆಯ ಗೋಡೆಯ ಮೇಲೆ ಆ ಜೇನಿನ ಕಾರ್ಡು. ಎಲ್ಲಿದ್ದೀಯಪ್ಪಾ ಎಂದು ಕೇಳುತ್ತಿದ್ದೆ. ಬೇರೆ ವಾಕ್ಯ ಸಿಗಲಿಲ್ಲವೇ ನಿನಗೆ, ಅಂಥ ವರ್ಷಕ್ಕೆ? ಆ ಕೆಳಗಿನ ಕಾರ್ಡನ್ನು ನನ್ನ ಕೈಯಾರೆ ನಾನೇ ಕೊಟ್ಟಿದ್ದೆನಲ್ಲ ಎಂಬುದು ದಿನಕ್ಕೊಮ್ಮೆಯಾದರೂ ನೆನಪಾಗುತ್ತಿತ್ತು. ಇದನ್ನು ತಂಗಿಯ ಹತ್ತಿರ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಮತ್ತೆ ಜನವರಿ ಬಂತು. ಹರಪನಹಳ್ಳಿಯ ಪಾಳಿ. ನಾನು ದೇವರಿಗೆ ಒಂದು ನೋಟೀಸು ಕೊಟ್ಟೆ. ಈ ಸಲವಾದರೂ ನೀನು ನನ್ನ ಜೊತೆಗಿದ್ದೀ ಎಂದು ನನ್ನ ಕಾರ್ಡಿನಲ್ಲಿ ಹೇಳು. ಹೇಳದಿದ್ದರೆ ಇದೇ ಕೊನೆ, ಇನ್ನು ಯಾವ ಪಡಸಾಲೆಗೂ ನಾನು ಬರುವುದಿಲ್ಲ. ಐ ಮೆಂಟ್ ಇಟ್. ಹಟ ಎಂದರೆ ಹಟ.

ತಂಗಿ ಹಿಂದಿನ ಸಂಜೆಯೇ ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ಬೆಳಗಿನ ಬಸ್ಸು ಹತ್ತಿದೆವು. ಕೊಟ್ಟೂರು ದಾಟುವವರೆಗೂ ನಾನು ಮುಖ ಗಂಟಿಕ್ಕಿ ಕಿಟಕಿಯ ಹೊರಗೇ ನೋಡುತ್ತಿದ್ದೆ. ಎರಡೂ ಕಡೆ ತೆನೆ ಕಟ್ಟಿದ ಬಿಳಿಜೋಳ. ತಂಗಿ ಪೊಟ್ಟಣ ಬಿಚ್ಚಿ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದಳು.

"ತಿನ್ನು ಅಕ್ಕ. ಹಸ್ಕೊಂಡು ಹೋಗಿ ದೇವ್ರ ಕೂಡ ಜಗಳಾಡ್ತೀಯೇನು?"

"ನಾ ಜಗಳಾಡ್ತೀನಿ ಅಂತ ನಿಂಗ ಯಾರು ಹೇಳಿದ್ರು?"

"ಮಾರಿ ಹೇಳ್ತೈತಿ. ಬೋರ್ಡಿಂಗ್‌ನ್ಯಾಗ ಪ್ರೈಜ್ ಬ್ಯಾರೇರಿಗಿ ಹೋದಾಗ ಹಿಂಗ ಕುಂದರ್ತಿದ್ದಿ."

ಹರಪನಹಳ್ಳಿಯಲ್ಲಿ ನರ್ಸ್ ಒಬ್ಬರ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ತಟ್ಟೆ ಬಂತು. ನಾನು ಕಣ್ಣು ಮುಚ್ಚಿ ಬಹಳ ಹೊತ್ತು ಬೆರಳಾಡಿಸಿದೆ. ಆಮೇಲೆ ತೀರ ಅಡಿಯಿಂದ ಒಂದನ್ನು ಎಳೆದೆ. ಎದ್ದು ನಿಂತು, ಕನ್ನಡಕ ಸರಿ ಮಾಡಿಕೊಂಡು ಓದಿದೆ: ನೆರೆಯವನ ಮನೆಗೆ ಪದೇ ಪದೇ ಹೋಗಬೇಡ, ಅವನಿಗೆ ಬೇಸರ ಬಂದೀತು.

ಒಂದು ಕ್ಷಣ ಯಾರೂ ಆಮೆನ್ ಅನ್ನಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ, ಪಾಪ, ಸಮಾಧಾನ ಮಾಡಲು, "ಇರ್ಲಿ ಬಿಡಮ್ಮ, ಒಳ್ಳೇ ಮಾತೇ ಐತೆ ಅದು, ಈ ಕಾಲದಲ್ಲಿ ಯಾರ ಮನೆಗೂ ಹೋಗ್ಬಾರ್ದು," ಎಂದರು. ತಂಗಿಯ ಸರದಿ ಬಂತು. ಕೈ ಬಿಡುವುದಿಲ್ಲ, ತೊರೆಯುವುದಿಲ್ಲ, ಎಂದು ಓದಿದಳು. ಸಭೆಯ ಆಮೆನ್ ಮುಗಿಯುವ ಮುಂಚೆ ನಾನು ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಹೋಗಿಬಿಟ್ಟೆ. ಅಲ್ಲಿ ದೊಡ್ಡ ಪಾತ್ರೆಯಲ್ಲಿ ಊಟಕ್ಕೆ ಅನ್ನ ಬೇಯುತ್ತಿತ್ತು. ಹುಣಸೆಮರದ ಕೆಳಗೆ ಒಂದು ಕಲ್ಲು, ಅದರ ಮೇಲೆ ಕೂತೆ.

ತಂಗಿ ಹಿಂದೆಯೇ ಬಂದಳು.

"ಅಕ್ಕ, ಎದ್ದು ಬಂದ್ರ ಹೆಂಗ? ಅಯ್ಯನೋರು ನೋಡಿದ್ರು."

"ನೋಡ್ಲಿ. ಹೋಗು ನೀನು. ಕೈ ಬಿಡದವ ಅಲ್ಲಿ ಕಾಯ್ತಾನ."

"ಹೊಟ್ಟಿ ಉರೀತೈತೇನು?"

"ಹೌದು, ಉರೀತೈತಿ. ಏನೀಗ? ಒಂದು ವಾಕ್ಯ ನೆಟ್ಟಗ ಬರಂಗಿಲ್ಲ ನಿನಗ. ಆರಾಧನಿಗಿ ಬಂದ್ರ ಆಕಳಸ್ತಿ. ವರ್ಷಾ ವರ್ಷಾ ನಿನ್ನ ಜೊತಿಗೇ ಇರ್ತಾನಂತ. ನಾ ಏನು ಮಾಡೀನಿ?"

ಅವಳು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಳು. ನಗುತ್ತಿರಲಿಲ್ಲ.

"ಆ ಕಾರ್ಡು ಬಂದ್ರ ನನಗ ಅಂಜಿಕಿ ಅಕ್ಕ. ಕೊಟ್ಟೂರಾಗ ಬಂತು, ಆ ವರ್ಷ ನಮ್ಮನಿಯವ್ರು ಕಂಬದಿಂದ ಬಿದ್ರು, ಆರು ತಿಂಗಳು ಹಾಸಿಗಿ. ಕೂಡ್ಲಿಗ್ಯಾಗ ಬಂತು, ಕೂಸಿಗಿ ಮೆದುಳು ಜ್ವರ ಆತು. ದಾವಣಗೆರಿ ಆಸ್ಪತ್ರ್ಯಾಗ ನೀನ ಇದ್ದೆಲ್ಲ ನನ್ನ ಕೂಡ. ಹಡಗಲ್ಯಾಗ ಬಂತು, ನನ್ನ ಗರ್ಭಕೋಶ ತಗದ್ರು. ಸೂಜಿ ಬೆನ್ನ ಹಿಂದ ಮುಚ್ಚಿಟ್ಕೊಂಡ ಡಾಕ್ಟ್ರು 'ಹೆದರಬ್ಯಾಡ, ನಾ ಇದೀನಿ' ಅಂತಾರಲ್ಲ, ಹಂಗ ಅದು. ನಾ ಇದೀನಿ ಅಂದ್ರ ಏನೋ ಬರ್ತೈತಿ ಅಂತ ಅರ್ಥ. ನಿನ್ನ ಇರುವಿ ಕಾರ್ಡು ನನಗ ಕೊಟ್ಟಿದ್ರ ಸಾಕಾಗಿತ್ತು. ಇರುವಿ ಬಂದ ವರ್ಷ ನಿನ್ನ ಮನ್ಯಾಗ ಏನಾಗಿತ್ತು? ಏನೂ ಇಲ್ಲ. ಆರಾಮ ಇದ್ರಿ."

ನಾನು ಇದನ್ನು ಯಾವತ್ತೂ ಹೀಗೆ ಜೋಡಿಸಿ ನೋಡಿರಲಿಲ್ಲ. ಅವಳ ಕಷ್ಟಗಳಿಗೆ ಓಡಿಹೋದವಳು ನಾನೇ, ಅವಳ ಕಾರ್ಡುಗಳಿಗೆ ಉರಿದವಳೂ ನಾನೇ. ಆದರೂ ಅವಳ ಲೆಕ್ಕ ನನ್ನ ಮನೆಗೆ ಬಂದಾಗ ತಪ್ಪುತ್ತಿತ್ತು.

"ನಿಮ್ಮ ಭಾವ ಹೋದ ವರ್ಷ?" ಎಂದೆ. "ಆ ವರ್ಷ ನನಗ ಏನು ಬಂದಿತ್ತು? ಜೇನು ತಿನ್ನಬ್ಯಾಡ ಅಂತ. ನನಗ ಸೂಜಿನೂ ಚುಚ್ಚಿದ, ಹೆದರಬ್ಯಾಡ ಅಂತನೂ ಅನ್ನಲಿಲ್ಲ."

ಅವಳು ನೆಲದಲ್ಲಿದ್ದ ಹುಣಸೆಯ ಒಣ ಎಲೆಗಳನ್ನು ಬೆರಳಿನಿಂದ ಒಟ್ಟುಮಾಡಿದಳು.

"ಆ ಕಣಿವಿ ಕಾರ್ಡು ನಿಂದ ಅಕ್ಕ," ಎಂದಳು. "ಎರಡೂ ನಿನ್ನ ಕೈಗೇ ಬಂದಿದ್ವು. ನೀ ಕೊಟ್ಟಿ, ನಾ ಇಸ್ಕೊಂಡೆ. ಭಾವ ಹೋದ ದಿನ ಬಸ್ಸಿನ್ಯಾಗ ಬರೋವಾಗ ಅದ ವಿಚಾರ ನನಗ. ಅಕ್ಕನ ಕಾರ್ಡು ನನ್ನ ಹತ್ರ ಉಳೀತು ಅಂತ. ಹೆಂಗ ಹೇಳ್ಲಿ ನಿನಗ?"

ಈ ಮಾತನ್ನು ಅವಳ ಬಾಯಿಂದ ಕೇಳಬೇಕೆಂದು ಎಷ್ಟು ತಿಂಗಳು ಕಾದಿದ್ದೆನೋ. ಕೇಳಿದ ಮೇಲೆ ಎದೆ ಹಗುರವಾಗಬೇಕಿತ್ತು, ಆಗಲಿಲ್ಲ. ಅವಳು ತನ್ನ ಹೊಸ ಕಾರ್ಡನ್ನು ನನ್ನ ಮಡಿಲಿಗೆ ಹಾಕಿದಳು. ನಾನು ತಿರುಗಿಸಿ ಕೊಟ್ಟೆ. ಇನ್ನೊಬ್ಬರಿಗೆ ಕೊಟ್ಟ ಮಾತನ್ನು ಇಟ್ಟುಕೊಂಡು ನಾನೇನು ಮಾಡಲಿ? ಸೆಕೆಂಡ್ ಹ್ಯಾಂಡ್ ಪ್ರಾಮಿಸ್!

"ಹಂಗಾದ್ರ ನಿಂದು ಕೊಡು ನೋಡೋಣ," ಎಂದು ನನ್ನ ಕೈಯಿಂದ ನೆರೆಮನೆಯ ಕಾರ್ಡನ್ನು ಕಿತ್ತುಕೊಂಡಳು. ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದಳು. "ಇದರಾಗ ನಿನಗ ಮಂದಿ ಮನಿಗಿ ಹೋಗಬ್ಯಾಡ ಅಂತ ಐತಿ. ಮಂದಿ ನಿನ್ನ ಮನಿಗಿ ಬರಬಾರ್ದು ಅಂತ ಎಲ್ಲೈತಿ?"

"ಯಾರು ಬರ್ತಾರ ಹೇಳು."

"ನಾ ಬರ್ತೀನಿ. ಶನಿವಾರ ಶನಿವಾರ. ನಿನಗ ಮಧ್ಯಾಹ್ನಕ್ಕ ಸಾಲಿ ಬಿಡ್ತೈತಲ್ಲ."

"ನೀನು? ಎರಡು ವಾರ ಬರ್ತಿ. ಮೂರನೇ ವಾರ ಕೂಸಿಗಿ ನೆಗಡಿ ಅಂತಿ."

"ಅದಕ್ಕ ನಿನಗ ನಾಲಿಗಿ ಕಾರ್ಡು ಬಂದಿದ್ದು," ಎಂದಳು. ಅಷ್ಟರಲ್ಲಿ ಅಮ್ಮನವರು ಹಿತ್ತಲ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದರು.

ಮೂರನೇ ವಾರ ಅವಳು ನಿಜಕ್ಕೂ ಬರಲಿಲ್ಲ. ನಾನು ಸೌತೆಕಾಯಿ ಹೆಚ್ಚಿಟ್ಟು ಬಾಗಿಲಲ್ಲಿ ನಿಂತು, ಹಡಗಲಿ ಬಸ್ಸು ಬಂದು ಹೋದ ಮೇಲೂ ನಿಂತು, ಒಳಗೆ ಬಂದು ಒಬ್ಬಳೇ ಉಂಡೆ. ಆ ಮಧ್ಯಾಹ್ನ ದೇವರಿಗೆ ಬೈದದ್ದನ್ನು ಬರೆಯಲಾರೆ. ನಾಲ್ಕನೇ ವಾರ ಬಂದಳು. ಐದನೆಯದಕ್ಕೂ ಬಂದಳು. ಕೂಸನ್ನು ಗಂಡನಿಗೆ ಒಪ್ಪಿಸಿ, ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಬರುತ್ತಿದ್ದಳು. ಬಂದು ಮಾಡುವುದೇನು? ಉಣ್ಣುವುದು, ಹಡಗಲಿಯವರನ್ನೆಲ್ಲ ಆಡಿಕೊಳ್ಳುವುದು, ನನ್ನ ಮಂಚದ ಮೇಲೆ ಬಾಯಿ ತೆರೆದು ನಿದ್ದೆ ಮಾಡುವುದು.

ನನ್ನ ಹಟ ಎಲ್ಲಿ ಮುರಿಯಿತೋ ತಿಳಿಯದು. ಮುಂದಿನ ಜನವರಿಗೆ ಪಾಳಿ ಮತ್ತೆ ಕೊಟ್ಟೂರಿಗೆ ಬಂದಾಗ ಹೋದೆ, ಕಾರ್ಡನ್ನೂ ಎತ್ತಿದೆ. ಅದರಲ್ಲಿ ಏನಿತ್ತು ಎಂದು ಕೇಳಿದರೆ ನೆನಪಿಲ್ಲ. ಹಿಂದಿನವೆಲ್ಲ ಅಕ್ಷರ ಅಕ್ಷರ ನೆನಪಿರುವ ನನಗೆ ಅದೊಂದು ಮಾತ್ರ ಇಲ್ಲ.

ಹೊಟ್ಟೆಕಿಚ್ಚು ಹೋಯಿತೇ? ಹೋಗಲಿಲ್ಲ. ಅವಳು ಮಲಗಿದ್ದಾಗ ಕುರ್ಚಿ ಹಾಕಿಕೊಂಡು ಎದುರಿಗೆ ಕೂತು ನಾನು ತರ್ಕ ಮಾಡುತ್ತಿದ್ದೆ. ಅವಳ ಕೈ ಎಂದೂ ಬಿಡುವುದಿಲ್ಲ ಎಂದು ಅವನು ವರ್ಷ ವರ್ಷವೂ ಬರೆದುಕೊಟ್ಟಿದ್ದಾನೆ. ಆ ಮಾತು ನಿಜವೇ ಆದರೆ, ಅವಳು ಹಡಗಲಿಯಲ್ಲಿ ಬಸ್ಸು ಹತ್ತಿದಾಗ ಅವನೂ ಹತ್ತಲೇಬೇಕು, ನಮ್ಮ ಮನೆಯ ಹೊಸ್ತಿಲು ಅವಳು ದಾಟಿದಾಗ ಅವನೂ ದಾಟಲೇಬೇಕು. ನನಗಾಗಿ ಬಂದವನಲ್ಲ, ಗೊತ್ತು. ನಂಟರ ಜೊತೆ ಬಂದವನು. ಆದರೆ ಬಂದವನನ್ನು ಬಂದೇ ಇಲ್ಲ ಎನ್ನಲು ಬರುವುದಿಲ್ಲವಲ್ಲ. ಹಾಗಾದರೆ ಅವಳು ನಾಲ್ಕರ ಬಸ್ಸಿಗೆ ಹೊರಟರೆ ಅವನೂ ಹೊರಡುತ್ತಾನೆ ಎಂದಾಯಿತು. ಅಲ್ಲಿಗೆ ಬಂದಾಗ ಮತ್ತೆ ಹೊಟ್ಟೆ ಉರಿಯುತ್ತಿತ್ತು.

ಒಂದು ಶನಿವಾರ ಅವಳು ಗಾಢವಾಗಿ ಮಲಗಿಬಿಟ್ಟಿದ್ದಳು. ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡು ಕೂಗಳತೆ ದೂರ. "ಹಡಗಲಿ, ಹಡಗಲಿ" ಎಂದು ಕಂಡಕ್ಟರ್ ಕೂಗುವುದು ಕೇಳುತ್ತಿತ್ತು. ಎಬ್ಬಿಸಬೇಕಾಗಿತ್ತು. ನಾನು ಎದ್ದು ಹೋಗಿ ಆ ಕಡೆಯ ಕಿಟಕಿಯ ಕದ ಮುಚ್ಚಿ ಬಂದೆ. ಮುಚ್ಚಿದ ಸದ್ದಿಗೆ ಅವಳಿಗೆ ಎಚ್ಚರವಾಯಿತು.

"ನಾಕರ ಬಸ್ಸು ಬಂತೇನಕ್ಕ?"

"ಹೋತು," ಎಂದೆ.

ಕಂಡಕ್ಟರ್ ಇನ್ನೂ ಕೂಗುತ್ತಲೇ ಇದ್ದ. ಮುಚ್ಚಿದ ಕದದಾಚೆಯಿಂದಲೂ ಸ್ಪಷ್ಟವಾಗಿ ಕೇಳುತ್ತಿತ್ತು. ಅವಳು ನನ್ನ ಮುಖ ನೋಡಿದಳು. ಆಮೇಲೆ ಇಳಿಬಿಟ್ಟಿದ್ದ ಕಾಲುಗಳನ್ನು ಮತ್ತೆ ಮಂಚದ ಮೇಲೆ ಎಳೆದುಕೊಂಡು, ಗೋಡೆಯ ಕಡೆ ಸರಿದು ನನಗೂ ಜಾಗ ಬಿಟ್ಟಳು.

"ಹೋದ್ರ ಹೋಗ್ಲಿ ಬಿಡು. ಆರಕ್ಕ ಇನ್ನೊಂದು ಐತಿ."